ಫೀಚರ್ ಮುಂದೋ ಟೆಸ್ಟಿಂಗ್ ಮುಂದೋ: ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಬಿಡುಗಡೆಯ ಪದ್ಧತಿ ಆರಿಸುವ ಬಗೆ

2021ರ ಮಾರ್ಚ್ ಮೊದಲ ವಾರದಲ್ಲಿ ಲಿನಕ್ಸ್ ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಜನಕ ಲಿನಸ್ ಟೋರ್ವಾಲ್ಡ್ಸ್, ಕೆಲವೇ ದಿನಗಳ ಹಿಂದೆ ತಾವೇ ಹೊರಬಿಟ್ಟಿದ್ದ 5.12-ಆರ್‌ಸಿ1 ಎಂಬ, ಅಂತಿಮ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯ ಹೆಸರು ಬದಲಾಯಿಸಿದರು. ಹೊಸ ಹೆಸರು 5.12-ಆರ್‌ಸಿ1-ಡೋಂಟ್‌ಯೂಸ್. ಬಳಸಬೇಡಿ ಅಂತ ಹೆಸರಿನಲ್ಲೇ ಬೋರ್ಡು ಹಾಕಿದ ಹಾಗೆ. ಮೆಮೊರಿ ಸಾಲದಾದಾಗ ಡೇಟಾವನ್ನು ಡಿಸ್ಕ್‌ನಲ್ಲಿ ಇಡಲು ಸ್ವಾಪ್ ಫೈಲ್ ಇಟ್ಟುಕೊಂಡಿದ್ದ ಯಂತ್ರಗಳಲ್ಲಿ ಆ ಕರ್ನಲ್, ಸ್ವಾಪ್‌ಗೆ ಹೋಗಬೇಕಾದ ಡೇಟಾವನ್ನು ಆ ಫೈಲಿನೊಳಗೆ ಬರೆಯದೆ ಡಿಸ್ಕ್‌ನಲ್ಲಿ ಇನ್ನೆಲ್ಲೋ ಬರೆದು ಫೈಲ್ ಸಿಸ್ಟಂ ಅನ್ನೇ ಹಾಳುಮಾಡುತ್ತಿತ್ತು. ಸ್ವಾಪ್‌ಗೆಂದೇ ಬೇರೆ ಪಾರ್ಟಿಷನ್ ಮಾಡಿಕೊಂಡವರಿಗೆ ಏನೂ ಆಗಲಿಲ್ಲ.

ಇದಕ್ಕೆ ಕಾರಣವಾದದ್ದು ಯಾವ ಹೊಸ ಫೀಚರೂ ಅಲ್ಲ. ಕೋಡನ್ನು ಸ್ವಲ್ಪ ಚೊಕ್ಕ ಮಾಡೋಣ ಅಂತ ಹೊರಟ ಒಂದು ಸಾಧು ಬದಲಾವಣೆ. ಎಲ್ಲರೂ ನೋಡಿದರು, ಯಾರಿಗೂ ಅನುಮಾನ ಬರಲಿಲ್ಲ. ಸ್ವಾಪ್ ಫೈಲ್ ಇದ್ದ ಯಂತ್ರದಲ್ಲಿ ಓಡಿಸಿದ ಮೇಲಷ್ಟೇ ಗೊತ್ತಾಯಿತು.

‘ಫೀಚರ್ ಕಡಿಮೆ ಮಾಡಿ, ಟೆಸ್ಟಿಂಗ್ ಹೆಚ್ಚು ಮಾಡಿ’ ಅನ್ನುವ ಸಲಹೆ ಯಾರು ಕೊಟ್ಟರೂ ನನಗೆ ಈ ಘಟನೆ ನೆನಪಾಗುತ್ತದೆ. ಸಲಹೆ ತಪ್ಪಲ್ಲ, ಆದರೆ ಅದರಿಂದ ಏನನ್ನೂ ತೀರ್ಮಾನಿಸಲಾಗುವುದಿಲ್ಲ. ಬಿಡುಗಡೆಯ ಪದ್ಧತಿ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ ಅಂತ ನನ್ನ ಲೆಕ್ಕ. ತಪ್ಪು ಮೊದಲು ಯಾರ ಕೈಗೆ ಸಿಗಬೇಕು? ಸಿಕ್ಕಿದ ದಿನ ಆ ಬದಲಾವಣೆಯನ್ನು ಕಿತ್ತುಹಾಕಲು ಎಷ್ಟು ಹೊತ್ತು ಬೇಕು? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡೇ. ನಾವು ಮೂವರು ಸೇರಿ ನೋಡಿಕೊಳ್ಳುವ ಒಂದು ಸಣ್ಣ ಲೈಬ್ರರಿ ಇದೆ. ಪಠ್ಯದ ಫೈಲುಗಳನ್ನು ಓದಿ ಕೋಷ್ಟಕ ಮಾಡಿಕೊಡುವುದು ಅದರ ಕೆಲಸ. ಒಂದು ಆವೃತ್ತಿಯಲ್ಲಿ ತಾರೀಕುಗಳನ್ನು ತಾನಾಗಿ ಗುರುತಿಸುವ ಫೀಚರ್ ಸೇರಿಸಿದೆವು. ಎರಡು ವಾರ ಆರ್‌ಸಿ, ಅಂದರೆ ರಿಲೀಸ್ ಕ್ಯಾಂಡಿಡೇಟ್ ಇಟ್ಟೆವು. ಒಂದೇ ಒಂದು ದೂರು ಬರಲಿಲ್ಲ. ಖುಷಿಯಿಂದ ಬಿಡುಗಡೆ ಮಾಡಿದೆವು. ಮರುದಿನ ಬೆಳಿಗ್ಗೆ ನೋಡಿದರೆ 03/04 ಅಂತ ಇದ್ದದ್ದನ್ನೆಲ್ಲ ನಮ್ಮ ಕೋಡ್ ಕೆಲವು ಸಾಲಿನಲ್ಲಿ ಮಾರ್ಚ್ 4 ಅಂತಲೂ ಕೆಲವು ಸಾಲಿನಲ್ಲಿ ಏಪ್ರಿಲ್ 3 ಅಂತಲೂ ಓದಿಟ್ಟಿದೆ, ಅದೂ ಒಂದೇ ಫೈಲಿನಲ್ಲಿ. ಆಮೇಲೆ ಡೌನ್‌ಲೋಡ್ ಲೆಕ್ಕ ತೆಗೆದು ನೋಡಿದೆ. ಆ ಆರ್‌ಸಿಯನ್ನು ಇಳಿಸಿಕೊಂಡವರು ನಾವು ಮೂವರೇ. ದೂರು ಬಾರದ್ದನ್ನು ನಾವು ಒಪ್ಪಿಗೆ ಅಂದುಕೊಂಡಿದ್ದೆವು.

ಸಿದ್ಧವಾದಾಗ ಬಿಡುಗಡೆ

ಅತಿ ಹಳೆಯ ಪದ್ಧತಿ ಇದು. ಇಂತಿಂಥ ಫೀಚರ್‌ಗಳು ಬರಬೇಕು ಅಂತ ಪಟ್ಟಿ ಮಾಡುವುದು, ಎಲ್ಲ ಮುಗಿದು ಗಟ್ಟಿಯಾದ ದಿನ ಹೊರಗೆ ಬಿಡುವುದು. ಕೇಳಲು ಇದಕ್ಕಿಂತ ಪ್ರಾಮಾಣಿಕವಾದದ್ದು ಇಲ್ಲ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಇದು ಏಕೆ ಕೈಕೊಡುತ್ತದೆ ಅನ್ನುವುದಕ್ಕೆ ಲಿನಕ್ಸ್ ಕರ್ನಲ್‌ನ ಇತಿಹಾಸ ಸಾಕು. 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ನಡುವೆ 2.5 ಎಂಬ ಬೆಸಸಂಖ್ಯೆಯ ಸರಣಿಯಲ್ಲಿ ಹೊಸ ಕೆಲಸವೆಲ್ಲ ನಡೆಯುತ್ತಿತ್ತು. ಆ ಮೂರು ವರ್ಷ ಬಳಕೆದಾರರು ಸುಮ್ಮನೆ ಕೂರಲಿಲ್ಲ. ಕರ್ನಲ್‌ಗೆ ಬೇರೆ ಸಾಫ್ಟ್‌ವೇರ್ ಕೂಡಿಸಿ ಹಂಚುವ ಡಿಸ್ಟ್ರಿಬ್ಯೂಷನ್‌ಗಳು 2.5ರ ಫೀಚರ್‌ಗಳನ್ನು ತಾವೇ ಕತ್ತರಿಸಿ ತಮ್ಮ 2.4ಕ್ಕೆ ಅಂಟಿಸಿಕೊಂಡವು. ಅಂದರೆ ಜನರ ಯಂತ್ರದಲ್ಲಿ ಓಡುತ್ತಿದ್ದದ್ದು ಮೂಲ ಪ್ರಾಜೆಕ್ಟ್‌ನಲ್ಲಿ ಯಾರೂ ಟೆಸ್ಟ್ ಮಾಡಿರದ ಒಂದು ಬೆರಕೆ ಕರ್ನಲ್.

ತಡ ತಾನೇ ತಡವನ್ನು ಹೆರುತ್ತದೆ ಅನ್ನುವುದು ಇಲ್ಲಿನ ತೊಡಕು. ಮುಂದಿನ ಬಿಡುಗಡೆ ಯಾವಾಗಲೋ ಗೊತ್ತಿಲ್ಲದಿದ್ದರೆ ಪ್ರತಿಯೊಬ್ಬನೂ ತನ್ನ ಪ್ಯಾಚನ್ನು, ಅಂದರೆ ಕೋಡ್ ಬದಲಾವಣೆಯನ್ನು, ಇದರಲ್ಲೇ ತುರುಕಲು ನೋಡುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು, ತನ್ನ ಫೀಚರ್ ಅರ್ಧಂಬರ್ಧವಾಗಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಹಾಗೆ ತುರುಕಿದ್ದರಿಂದ ಬಿಡುಗಡೆ ಇನ್ನೂ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದದ್ದರಿಂದ ಇನ್ನೂ ನಾಲ್ಕು ಜನ ತುರುಕುತ್ತಾರೆ. ಪರ್ಲ್ 6 ಎಂಬ ಪ್ರೋಗ್ರಾಮಿಂಗ್ ಭಾಷೆ ಘೋಷಣೆಯಾದದ್ದು 2000ದಲ್ಲಿ, ಮೊದಲ ಅಧಿಕೃತ ಬಿಡುಗಡೆ 2015ರ ಡಿಸೆಂಬರ್‌ನಲ್ಲಿ. ಆಮೇಲೆ ಅದಕ್ಕೆ ಹೆಸರೂ ಬದಲಾಗಿ ರಾಕು ಆಯಿತು.

ಡೆಬಿಯನ್ ಎಂಬ ಡಿಸ್ಟ್ರಿಬ್ಯೂಷನ್ ‘ಸಿದ್ಧವಾದಾಗಲೇ ಬಿಡುತ್ತೇವೆ’ ಅನ್ನುವ ಮಾತಿಗೆ ಹೆಸರಾದದ್ದು. ಅದರ ವುಡಿ ಆವೃತ್ತಿ 2002ರ ಜುಲೈ, ಮುಂದಿನ ಸಾರ್ಜ್ 2005ರ ಜೂನ್. ಹತ್ತಿರ ಹತ್ತಿರ ಮೂರು ವರ್ಷ. ಆದರೆ ಇವತ್ತಿನ ಡೆಬಿಯನ್ ಅದೇ ಮಾತನ್ನು ಸ್ವಲ್ಪ ತಿರುಗಿಸಿಕೊಂಡಿದೆ, ನನಗೆ ಈ ತಿರುವು ತುಂಬ ಹಿಡಿಸಿದೆ. ಹೊಸದನ್ನು ಒಳಗೆ ಬಿಡುವುದು ಯಾವತ್ತು ನಿಲ್ಲಬೇಕು ಅನ್ನುವ ಫ್ರೀಜ್ ದಿನಾಂಕಗಳು ಮೊದಲೇ ಗೊತ್ತಿರುತ್ತವೆ. ಫ್ರೀಜ್ ಮೆದುವಾಗಿ ಶುರುವಾಗಿ ಹಂತ ಹಂತವಾಗಿ ಬಿಗಿಯಾಗುತ್ತದೆ. ಹೊರಗೆ ಬಿಡುವ ದಿನ ಮಾತ್ರ ಗಂಭೀರ ಬಗ್‌ಗಳು ಎಷ್ಟು ಉಳಿದಿವೆ ಅನ್ನುವುದನ್ನು ನೋಡಿ ಗೊತ್ತುಮಾಡುತ್ತಾರೆ. ಹೀಗೆ ಮಾಡಿಯೂ 2021, 2023, 2025 ಅಂತ ಸರಿಸುಮಾರು ಎರಡು ವರ್ಷಕ್ಕೊಂದು ಬಿಡುಗಡೆ ಬಂದಿದೆ. ಬಾಗಿಲು ಮುಚ್ಚುವುದಕ್ಕೆ ಕ್ಯಾಲೆಂಡರ್, ತೆರೆಯುವುದಕ್ಕೆ ಗುಣಮಟ್ಟ.

ಶುದ್ಧ ರೂಪದ ‘ಸಿದ್ಧವಾದಾಗ’ ಯಾರಿಗೆ ಒಪ್ಪುತ್ತದೆ? ಚಿಕ್ಕ ಹರವಿನ, ತಪ್ಪಿದರೆ ಡೇಟಾ ಹೋಗುವಂಥ ಪ್ರಾಜೆಕ್ಟ್‌ಗೆ, ಅದೂ ಹೊಸ ಫೀಚರ್‌ಗೆ ಇಲ್ಲ ಅನ್ನಲು ಹಿಂಜರಿಯದವರಿಗೆ. ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಲೈಬ್ರರಿ ಇದರ ತುತ್ತತುದಿ. 2023ರ 3.42.0 ಆವೃತ್ತಿಯ ಹೊತ್ತಿಗೆ ಲೈಬ್ರರಿಯ ಕೋಡ್ ಸುಮಾರು 1.56 ಲಕ್ಷ ಸಾಲು. ಟೆಸ್ಟ್ ಕೋಡ್ ಅದರ ಸುಮಾರು 590 ಪಟ್ಟು ಅಂತ ಪ್ರಾಜೆಕ್ಟೇ ಹೇಳಿಕೊಂಡಿದೆ. ಆದರೆ ಎಸ್‌ಕ್ಯುಲೈಟ್‌ಗೆ ಹೊರಗಿನವರು ಪ್ಯಾಚ್ ಕಳಿಸಿ ಸೇರಿಸಿಕೊಳ್ಳಿ ಅನ್ನುವಂತಿಲ್ಲ. ಕೋಡ್ ತೆರೆದಿದೆ, ಕೊಡುಗೆಗೆ ಬಾಗಿಲು ಮುಚ್ಚಿದೆ. ಅವರ ಶಿಸ್ತನ್ನು ಮೆಚ್ಚಿಕೊಳ್ಳುವವರು ಈ ಅರ್ಧವನ್ನು ಮರೆಯುತ್ತಾರೆ.

ಕ್ಯಾಲೆಂಡರ್ ಹಿಡಿದು ಬಿಡುಗಡೆ

ದಿನಾಂಕ ಮೊದಲು, ಫೀಚರ್ ಆಮೇಲೆ. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್ 2002ರ ನಂತರ ಆರು ತಿಂಗಳಿಗೊಮ್ಮೆ ಬರುವ ಕ್ರಮ ಹಿಡಿಯಿತು. ಉಬುಂಟು ಡಿಸ್ಟ್ರಿಬ್ಯೂಷನ್ ಏಪ್ರಿಲ್ ಮತ್ತು ಅಕ್ಟೋಬರ್ ಅಂತ ತಿಂಗಳನ್ನೇ ಆವೃತ್ತಿ ಸಂಖ್ಯೆಗೆ ಅಂಟಿಸಿಕೊಂಡಿತು. 2006ರಲ್ಲಿ ತನ್ನ ಮೊದಲ ದೀರ್ಘಾವಧಿ ಆವೃತ್ತಿಯನ್ನು ಎರಡು ತಿಂಗಳು ತಡಮಾಡಿದ್ದಕ್ಕೆ ಅದು 6.04 ಆಗುವ ಬದಲು 6.06 ಆಯಿತು. ಪೈಥಾನ್ ಭಾಷೆ 3.9ರಿಂದ ವರ್ಷಕ್ಕೊಂದು, ಅಕ್ಟೋಬರ್‌ನಲ್ಲಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೂಡ ವರ್ಷಕ್ಕೊಂದು. ಏಪ್ರಿಲ್‌ನಲ್ಲಿ ಫೀಚರ್ ಫ್ರೀಜ್, ಬೀಟಾಗಳು, ಆಮೇಲೆ ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್‌ನಲ್ಲಿ ಬಿಡುಗಡೆ.

ಇದರ ಬಲ ದಿನಾಂಕದಲ್ಲಿಲ್ಲ, ಮುಂದಿನ ದಿನಾಂಕದಲ್ಲಿದೆ. ಈ ಬಸ್ ತಪ್ಪಿದರೆ ಇನ್ನೊಂದು ಬಸ್ ಇಷ್ಟು ಹೊತ್ತಿಗೆ ಬಂದೇ ಬರುತ್ತದೆ ಅಂತ ಗೊತ್ತಿದ್ದವನು ಬಾಗಿಲಿಗೆ ಜೋತು ಬೀಳುವುದಿಲ್ಲ. ‘ನಿಮ್ಮ ಫೀಚರ್ ಈ ಸಲ ಬೇಡ’ ಅನ್ನುವುದು ಜಗಳವಾಗದೆ ಮುಗಿಯುತ್ತದೆ.

ಈ ‘ಬೇಡ’ವನ್ನು ಹೇಳುವ ಧೈರ್ಯ ಯಾರಿಗಿದೆ ಅಂತ ಕೇಳಿದರೆ ನಾನು ಪೋಸ್ಟ್‌ಗ್ರೆಸ್ ಕಡೆ ಕೈ ತೋರಿಸುತ್ತೇನೆ. ಡೇಟಾಬೇಸ್ ಜೊತೆ ಮಾತಾಡುವ ಎಸ್‌ಕ್ಯುಎಲ್ ಭಾಷೆಯ ಮರ್ಜ್ ಎಂಬ ಆದೇಶವನ್ನು ಜನ ವರ್ಷಗಟ್ಟಲೆ ಕೇಳುತ್ತಿದ್ದರು. 2018ರಲ್ಲಿ 11ನೇ ಆವೃತ್ತಿಗೆ ಅದನ್ನು ಸೇರಿಸಿದರು. ಸೇರಿದ ಮೇಲೆ ವಿನ್ಯಾಸದ ಬಗ್ಗೆ ಆಕ್ಷೇಪಗಳು ಬಂದವು. ಅದೇ ಏಪ್ರಿಲ್‌ನಲ್ಲಿ ರಿವರ್ಟ್ ಮಾಡಿದರು, ಅಂದರೆ ವಾಪಸ್ ತೆಗೆದರು. ಮತ್ತೆ ಬಂದದ್ದು 2022ರ 15ನೇ ಆವೃತ್ತಿಯಲ್ಲಿ, ನಾಲ್ಕು ವರ್ಷ ಬಿಟ್ಟು. ತಮಾಷೆ ಅಂದರೆ ಅದೇ 15ನೇ ಆವೃತ್ತಿಯಿಂದ ಎಸ್‌ಕ್ಯುಎಲ್/ಜೇಸನ್ ಫೀಚರ್‌ಗಳ ದೊಡ್ಡ ಕಂತೆಯೊಂದನ್ನು ಮೂರು ಬೀಟಾಗಳು ಆದ ಮೇಲೆ, ಬಿಡುಗಡೆಗೆ ಇನ್ನೇನು ಆರು ವಾರ ಇದೆ ಅನ್ನುವಾಗ ತೆಗೆದುಹಾಕಿದರು. ಆ ಕಂತೆ ತುಂಡುತುಂಡಾಗಿ 16 ಮತ್ತು 17ರಲ್ಲಿ ಬಂತು. ಬೀಟಾ ನೋಡಿ ಆಸೆಪಟ್ಟವರಿಗೆ ಬೇಸರವಾಗಿರಬೇಕು. ಆದರೆ ಡೇಟಾಬೇಸ್ ಅಂದ ಮೇಲೆ ಒಂದು ಸಲ ಹೊರಬಿದ್ದ ವಾಕ್ಯರಚನೆಯನ್ನು ಐದು ವರ್ಷ ಸಾಕಬೇಕು. ಪ್ರತಿ ಆವೃತ್ತಿಗೂ ಅವರು ಕೊಡುವ ಬೆಂಬಲ ಅಷ್ಟು ವರ್ಷ.

ಪೈಥಾನ್ 3.13ರಲ್ಲೂ ಇಂಥದ್ದೇ ಆಯಿತು. 2024ರ ಅಕ್ಟೋಬರ್ 1ಕ್ಕೆ ಬಿಡುಗಡೆ ಅಂತ ನಿಗದಿಯಾಗಿತ್ತು. ಬಳಕೆ ಮುಗಿದ ಮೆಮೊರಿಯ ಕಸ ಗುಡಿಸುವ ಕೆಲಸವನ್ನು, ಅಂದರೆ ಗಾರ್ಬೇಜ್ ಕಲೆಕ್ಷನ್ ಅನ್ನು, ಸ್ವಲ್ಪಸ್ವಲ್ಪವಾಗಿ ಮಾಡುವ ಹೊಸ ವಿಧಾನದಿಂದ ಕೆಲವು ಪ್ರೋಗ್ರಾಂಗಳು ಗಣನೀಯವಾಗಿ ನಿಧಾನವಾದದ್ದು ಕೊನೆಯ ಹಂತದಲ್ಲಿ ಗೊತ್ತಾಯಿತು. ಅದನ್ನು ಸರಿಪಡಿಸಲು ಹೋಗಲಿಲ್ಲ, ಕಿತ್ತರು. ಅಕ್ಟೋಬರ್ 1ರಂದು ಮೂರನೇ ಆರ್‌ಸಿ ಬಂತು, ಅಂತಿಮ ಆವೃತ್ತಿ ಅಕ್ಟೋಬರ್ 7ರಂದು. ಒಟ್ಟು ನಷ್ಟ ಆರು ದಿನ. ಕೀಳಲು ಬರುವ ಹಾಗೆ ಆ ಬದಲಾವಣೆ ಬಿಡಿಯಾಗಿತ್ತು ಅನ್ನುವುದರಿಂದ ಆರೇ ದಿನ. ಇದೇ ಕೋಡ್ ಹತ್ತು ಫೈಲುಗಳಲ್ಲಿ ಬೇರೆ ಕೆಲಸಗಳ ಜೊತೆ ಹೆಣೆದುಕೊಂಡಿದ್ದರೆ?

ಕರ್ನಲ್‌ನವರ ಕ್ಯಾಲೆಂಡರ್ ಇನ್ನೂ ಬಿಗಿ. ಎರಡು ವಾರ ಮರ್ಜ್ ವಿಂಡೋ, ಹೊಸದೆಲ್ಲ ಅಷ್ಟರಲ್ಲಿ ಬರಬೇಕು. ಆಮೇಲೆ ವಾರಕ್ಕೊಂದು ಆರ್‌ಸಿ, ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಎಂಟು. ಆ ಹೊತ್ತಿನಲ್ಲಿ ಬಗ್ ಸರಿಪಡಿಸುವ ಪ್ಯಾಚ್‌ಗಳು ಮಾತ್ರ. ಗೆರೆ ಎಳೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ 2024ರ ಜನವರಿಯಲ್ಲಿ ಬಂದ 6.7ರಲ್ಲಿ ಕರ್ನಲ್‌ಗೆ ಸೇರಿತು. 2025ರಲ್ಲಿ, 6.16ರ ಆರ್‌ಸಿಗಳ ನಡುವೆ, ಹಾಳಾದ ಡೇಟಾವನ್ನು ಹಿಂದಕ್ಕೆ ಪಡೆಯುವ ಒಂದು ಹೊಸ ಸೌಲಭ್ಯವನ್ನು ಅದರ ಅಭಿವೃದ್ಧಿಕಾರರು ಕಳಿಸಿದರು. ಇದು ಫೀಚರ್, ಈಗ ಹೊತ್ತಲ್ಲ ಅಂತ ಒಂದು ಕಡೆ. ಜನ ಡೇಟಾ ಕಳೆದುಕೊಳ್ಳುತ್ತಿರುವಾಗ ಅದನ್ನು ಉಳಿಸುವ ಕೋಡ್ ಬಗ್ ಫಿಕ್ಸ್ ಅಲ್ಲದೆ ಇನ್ನೇನು ಅಂತ ಇನ್ನೊಂದು ಕಡೆ. ಅದಕ್ಕೂ ಮೊದಲೇ ಇಂಥ ಜಟಾಪಟಿ ಹಲವು ಸಲ ಆಗಿತ್ತು. 6.17ರಲ್ಲಿ ಅದನ್ನು ‘ಹೊರಗೆ ನಿರ್ವಹಿಸಲಾಗುವುದು’ ಅಂತ ಗುರುತಿಸಿದರು, 6.18ರಲ್ಲಿ ತೆಗೆದರು. ಬಳಕೆದಾರನ ಜಾಗದಲ್ಲಿ ನಿಂತರೆ ಎರಡನೆಯ ವಾದ ನನಗೆ ಅರ್ಥವಾಗುತ್ತದೆ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಆಗಿ ನಾನು ಮೊದಲನೆಯದರ ಕಡೆಗೇ. ‘ಇದೊಂದೇ ಸಲ’ ಅನ್ನುವುದಕ್ಕೆ ಒಪ್ಪಿದರೆ ಮುಂದಿನ ವಾರ ಇನ್ನಿಬ್ಬರು ಅದೇ ಮಾತು ಹಿಡಿದು ಬರುತ್ತಾರೆ.

ಕ್ಯಾಲೆಂಡರ್‌ಗೂ ಒಂದು ರೋಗ ಇದೆ: ಫ್ರೀಜ್‌ಗೆ ಮುಂಚಿನ ವಾರದ ನೂಕುನುಗ್ಗಲು. ಆರು ತಿಂಗಳು ಮಲಗಿದ್ದ ಪ್ಯಾಚ್‌ಗಳೆಲ್ಲ ಆ ಐದು ದಿನಗಳಲ್ಲಿ ಎದ್ದು ಓಡಿಬರುತ್ತವೆ, ರಿವ್ಯೂ ಮಾಡುವವರು ಕಣ್ಣು ಮುಚ್ಚಿ ಸರಿ ಅನ್ನುತ್ತಾರೆ. ನಾವು ಇದಕ್ಕೆ ಒಂದು ಒರಟು ಮದ್ದು ಮಾಡಿಕೊಂಡಿದ್ದೇವೆ. ಫ್ರೀಜ್‌ಗೆ ಹತ್ತು ದಿನ ಮೊದಲು ತೆರೆದಿಲ್ಲದ ಮರ್ಜ್ ಕೋರಿಕೆ ಈ ಸಲಕ್ಕೆ ಇಲ್ಲ, ಎಷ್ಟೇ ಚಿಕ್ಕದಾಗಿರಲಿ.

ಹಾಗೆಯೇ ಒಂದು ಮಾತು: ಅನುವಾದಕರು ಇರುವ ಪ್ರಾಜೆಕ್ಟ್ ಆದರೆ ಪರದೆಯ ಮೇಲಿನ ಪಠ್ಯಕ್ಕೂ ಬೇರೆಯೇ ಫ್ರೀಜ್ ಬೇಕು. ಗ್ನೋಮ್‌ನಲ್ಲಿ ಇದು ಇದೆ. ಕೋಡ್ ಬರೆಯುವವರಿಗೆ ‘ಒಂದು ಪದ ತಾನೇ’ ಅನ್ನಿಸುವುದು, ನಲವತ್ತು ಭಾಷೆಗಳಲ್ಲಿ ಅನುವಾದ ಮಾಡುವವರಿಗೆ ನಲವತ್ತು ಪದ.

ರೈಲಿನ ಹಾಗೆ

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 1.0 ಬಂದದ್ದು 2015ರ ಮೇನಲ್ಲಿ. ಅಂದಿನಿಂದ ಆರು ವಾರಕ್ಕೊಂದು ಬಿಡುಗಡೆ. ಮೂರು ಹಳಿಗಳು: ಪ್ರತಿ ರಾತ್ರಿ ಬರುವ ನೈಟ್ಲಿ, ಅದರಿಂದ ಆರು ವಾರಕ್ಕೊಮ್ಮೆ ಒಡೆಯುವ ಬೀಟಾ, ಆ ಬೀಟಾ ಆರು ವಾರ ಮಾಗಿದರೆ ಸ್ಟೇಬಲ್. ಇನ್ನೂ ತೀರ್ಮಾನವಾಗದ ಫೀಚರ್ ಬಳಸಬೇಕಾದರೆ ನೈಟ್ಲಿಯಲ್ಲಿ, ಅದರ ಹೆಸರು ಹೇಳಿ ತೆರೆದುಕೊಳ್ಳಬೇಕು. ಸ್ಟೇಬಲ್‌ನಲ್ಲಿ ಅದು ತೆರೆಯುವುದೇ ಇಲ್ಲ. ಫೀಚರ್ ಮತ್ತು ಟೆಸ್ಟಿಂಗ್ ನಡುವಿನ ಹಗ್ಗಜಗ್ಗಾಟವನ್ನು ಇಷ್ಟು ಚೆನ್ನಾಗಿ ಬಿಡಿಸಿದ ಪದ್ಧತಿ ಇನ್ನೊಂದನ್ನು ನಾನು ನೋಡಿಲ್ಲ. ಹೊಸದು ಬೇಕಾದವನಿಗೆ ಇವತ್ತೇ ಸಿಗುತ್ತದೆ, ಅದರ ಅಪಾಯವೂ ಅವನದೇ.

ಆದರೆ ರೈಲಿನ ಹಿಂದೆ ಇರುವ ಯಂತ್ರಶಾಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ರೇಟರ್ ಅಂತ ಒಂದು ಸಾಧನ ಇದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ಹಳೆಯ ಮತ್ತು ಹೊಸ ಆವೃತ್ತಿ ಎರಡರಲ್ಲೂ ಸಾರ್ವಜನಿಕ ಭಂಡಾರದಲ್ಲಿರುವ ರಸ್ಟ್ ಪ್ಯಾಕೇಜ್‌ಗಳನ್ನು ಕಟ್ಟಿ, ಮೊದಲು ಓಡುತ್ತಿದ್ದದ್ದು ಈಗ ಯಾವುದು ಮುರಿಯಿತು ಅಂತ ಪಟ್ಟಿ ಕೊಡುತ್ತದೆ. ನಮ್ಮಂಥವರ ಬಳಿ ಅಂಥದ್ದಿಲ್ಲ. ಅದಿದ್ದೂ ತಪ್ಪು ನುಸುಳುತ್ತದೆ: 2021ರ ಮೇನಲ್ಲಿ 1.52 ಬಂದ ಕೆಲವೇ ದಿನಗಳಲ್ಲಿ 1.52.1 ತರಬೇಕಾಯಿತು. ಬದಲಾದ ಭಾಗವನ್ನಷ್ಟೇ ಮತ್ತೆ ಕಂಪೈಲ್ ಮಾಡುವ ಸೌಲಭ್ಯದಲ್ಲಿ ಹಳೆಯ ದೋಷಗಳಿದ್ದವು. ಆ ಸೌಲಭ್ಯವನ್ನೇ ತಾತ್ಕಾಲಿಕವಾಗಿ ಮುಚ್ಚಿದರು. ಕಂಪೈಲ್ ನಿಧಾನವಾಯಿತು ಅಂತ ಜನ ಗೊಣಗಿದರೂ ಮುಚ್ಚುವ ಸ್ವಿಚ್ ಇತ್ತಲ್ಲ, ಅದು ದೊಡ್ಡದು.

ಫೈರ್‌ಫಾಕ್ಸ್ ಬ್ರೌಸರ್ ಕೂಡ 2011ರ ಮಾರ್ಚ್‌ನಲ್ಲಿ 4ನೇ ಆವೃತ್ತಿಯನ್ನು ಹೆಣಗಿ ಹೊರಹಾಕಿದ ಮೇಲೆ ರೈಲು ಹತ್ತಿತು. ಜೂನ್‌ನಲ್ಲೇ 5 ಬಂತು, ಆಮೇಲೆ ಆರು ವಾರಕ್ಕೊಂದು, 2020ರಿಂದ ನಾಲ್ಕು ವಾರಕ್ಕೊಂದು. ಸಾವಿರಾರು ಕಂಪ್ಯೂಟರ್ ನಿರ್ವಹಿಸುವ ಸಂಸ್ಥೆಗಳಿಗೆ ಈ ಓಟ ಹಿಡಿಸಲಿಲ್ಲ. 2012ರಲ್ಲಿ ಅವರಿಗೆಂದೇ ಇಎಸ್‌ಆರ್ ಎಂಬ ನಿಧಾನದ ಹಳಿ ಹಾಕಬೇಕಾಯಿತು. ರೈಲು ಪದ್ಧತಿಗೆ ಹೋಗುವವರು ಇನ್ನೊಂದು ಹಳಿಯ ಖರ್ಚನ್ನೂ ಈಗಲೇ ಕೂಡಿಸಿಕೊಳ್ಳುವುದು ಒಳ್ಳೆಯದು.

ರೋಲಿಂಗ್

ಆರ್ಚ್, ಓಪನ್‌ಸೂಸೆ ಟಂಬಲ್‌ವೀಡ್ ಎಂಬ ಡಿಸ್ಟ್ರಿಬ್ಯೂಷನ್‌ಗಳು ಈ ದಾರಿಯವು. ಆವೃತ್ತಿ ಅನ್ನುವುದೇ ಇಲ್ಲ, ಹೊಸದು ಬಂದಂತೆ ಹರಿಯುತ್ತಿರುತ್ತದೆ. ಇದು ಡಿಸ್ಟ್ರಿಬ್ಯೂಷನ್‌ಗೆ ಸರಿ, ಬೇರೆಯವರು ನಂಬಿಕೊಂಡ ಲೈಬ್ರರಿಗೆ ಸಲ್ಲ. ಟಂಬಲ್‌ವೀಡ್‌ನಲ್ಲಿ ಓಪನ್‌ಕ್ಯುಎ ಎಂಬ ವ್ಯವಸ್ಥೆ ಪರದೆ ನೋಡುತ್ತ, ಕೀಲಿ ಒತ್ತುತ್ತ, ಮನುಷ್ಯನ ಹಾಗೆ ಇನ್‌ಸ್ಟಾಲ್ ಮಾಡಿ ನೋಡಿದ ಮೇಲೆಯೇ ಒಂದು ಸ್ನ್ಯಾಪ್‌ಶಾಟ್ ಹೊರಬೀಳುತ್ತದೆ. ಅಂಥ ಸ್ವಯಂಚಾಲಿತ ಕಾವಲು ಇಲ್ಲದೆ ‘ಮೇನ್ ಬ್ರ್ಯಾಂಚ್ ತೆಗೆದುಕೊಳ್ಳಿ, ಸರಿಯಾಗೇ ಇರುತ್ತದೆ’ ಅನ್ನುವುದು ರೋಲಿಂಗ್ ಅಲ್ಲ, ಸೋಮಾರಿತನ.

2024ರ ಮಾರ್ಚ್ 29ರಂದು ಬಯಲಾದ, ಫೈಲು ಕುಗ್ಗಿಸುವ ಎಕ್ಸ್‌ಝಡ್ ಸಾಧನದೊಳಗೆ ಬೇಕೆಂದೇ ಬಚ್ಚಿಟ್ಟ ಹಿಂಬಾಗಿಲಿನ ಪ್ರಕರಣ ಈ ಹೋಲಿಕೆಗೆ ಬೇಕೇ ಬೇಕು. ಕುತಂತ್ರದ ಕೋಡ್ 5.6.0 ಮತ್ತು 5.6.1ರಲ್ಲಿ ಬಂದಿತ್ತು. ಡೆಬಿಯನ್‌ನ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್, ಫೆಡೋರಾದ ಪ್ರಯೋಗದ ಆವೃತ್ತಿಗಳು, ಟಂಬಲ್‌ವೀಡ್, ಇವಕ್ಕೆ ಅದು ತಲುಪಿತ್ತು. ಡೆಬಿಯನ್ ಸ್ಟೇಬಲ್‌ಗೆ ತಲುಪಿರಲಿಲ್ಲ. ನಿಧಾನದವರನ್ನು ಕಾಪಾಡಿದ್ದು ಅವರ ಟೆಸ್ಟಿಂಗ್ ಅಲ್ಲ, ನಿಧಾನವೇ. ಹಿಡಿದದ್ದು ಮಾತ್ರ ಹೊಸದನ್ನು ಓಡಿಸುತ್ತಿದ್ದ ಪೋಸ್ಟ್‌ಗ್ರೆಸ್ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾದದ್ದನ್ನು ಬೆನ್ನುಹತ್ತಿ ಹೋದರು. ಎಲ್ಲರೂ ಸ್ಟೇಬಲ್‌ನಲ್ಲೇ ಕೂತಿದ್ದರೆ ಅದು ಸ್ಟೇಬಲ್‌ಗೆ ಬರುವ ತನಕ ಯಾರಿಗೂ ಕಾಣುತ್ತಿರಲಿಲ್ಲ. ಇನ್ನೊಂದು ವ್ಯಂಗ್ಯ: ಆ ಕೋಡನ್ನು ಬಚ್ಚಿಟ್ಟಿದ್ದದ್ದು ಟೆಸ್ಟ್‌ಗೆಂದು ಇಟ್ಟಿದ್ದ ಫೈಲುಗಳೊಳಗೆ.

ಎಲ್‌ಟಿಎಸ್ ಒಂದು ಸಾಲ

ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲ, ಮೇಲಿನ ಯಾವುದಕ್ಕೂ ಬದಲಿಯಲ್ಲ, ಅವುಗಳ ಮೇಲೆ ಹೊರಿಸುವ ಹೊರೆ. ಪ್ರತಿ ಪ್ಯಾಚನ್ನೂ ಹಳೆಯ ಬ್ರ್ಯಾಂಚ್‌ಗೆ ಒಗ್ಗಿಸಬೇಕು, ಅಲ್ಲಿ ಮತ್ತೆ ಟೆಸ್ಟ್ ಮಾಡಬೇಕು. ಲಿನಕ್ಸ್ ಕರ್ನಲ್ ಕೂಡ ಎಲ್‌ಟಿಎಸ್ ಅವಧಿಯನ್ನು ಎರಡರಿಂದ ಆರು ವರ್ಷಕ್ಕೆ ಹಿಗ್ಗಿಸಿ, 2023ರಲ್ಲಿ ಮತ್ತೆ ಎರಡಕ್ಕೇ ಇಳಿಸುವ ತೀರ್ಮಾನ ಮಾಡಿತು. ಅಷ್ಟು ಸಂಬಳದ ಎಂಜಿನಿಯರ್‌ಗಳಿರುವ ಕಡೆಯೇ ಹೀಗಾದರೆ, ಸಂಜೆ ಹೊತ್ತು ಕೆಲಸ ಮಾಡುವ ಮೂವರು ಐದು ವರ್ಷದ ಮಾತು ಕೊಡಬಾರದು. ಹಿಂದಿನ ಒಂದು ಆವೃತ್ತಿಗೆ ಸುರಕ್ಷತೆಯ ಪ್ಯಾಚ್ ಮಾತ್ರ, ಅಷ್ಟು ಸಾಕು.

ಸ್ವಿಚ್ ಯಾವ ಕಡೆ ಇದೆ

ಯಾವ ಪದ್ಧತಿ ಆರಿಸಿದರೂ, ಹೊಸ ಫೀಚರ್ ತಾನಾಗಿ ಚಾಲೂ ಇರಬೇಕೋ ಬೇಡವೋ ಅನ್ನುವುದನ್ನು ಬೇರೆಯಾಗಿ ತೀರ್ಮಾನಿಸಿ. ಕ್ಯಾಲೆಂಡರೋ ರೈಲೋ ಅನ್ನುವುದಕ್ಕಿಂತ ಇದು ಹೆಚ್ಚು ಮುಖ್ಯ ಅಂತ ನಾನು ಈಗೀಗ ನಂಬತೊಡಗಿದ್ದೇನೆ.

ಇಂಟರ್ನೆಟ್ ಸಂಪರ್ಕಗಳನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.0.1 ಬಂದದ್ದು 2012ರ ಮಾರ್ಚ್‌ನಲ್ಲಿ. ಅದರಲ್ಲಿ ಹಾರ್ಟ್‌ಬೀಟ್ ಅನ್ನುವ ಹೊಸ ಸೌಲಭ್ಯ ಇತ್ತು. ಎರಡೂ ತುದಿ ಇನ್ನೂ ಬದುಕಿವೆಯೇ ಅಂತ ನೋಡಿಕೊಳ್ಳುವುದಕ್ಕೆ. ಎದುರಿನವರು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬುತ್ತಿತ್ತು, ನಾಲ್ಕು ಅಕ್ಷರ ಕಳಿಸಿ ಅರವತ್ತು ಸಾವಿರ ಅಂದರೆ ನೆನಪಿನಲ್ಲಿ ಪಕ್ಕದಲ್ಲಿ ಏನಿತ್ತೋ ಅದನ್ನೆಲ್ಲ ಸುರಿದು ಕೊಡುತ್ತಿತ್ತು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಹೆಸರಿನಲ್ಲಿ ಅದು ಜಗತ್ತಿಗೆಲ್ಲ ಗೊತ್ತಾಯಿತು. ಹೆಚ್ಚಿನ ಸರ್ವರ್‌ಗಳಿಗೆ ಆ ಫೀಚರ್ ಬೇಕಿರಲೇ ಇಲ್ಲ. ಬೇಡವಾದರೆ ಕಂಪೈಲ್ ಮಾಡುವಾಗ ಬಿಟ್ಟುಬಿಡುವ ಆಯ್ಕೆಯೂ ಇತ್ತು, ಆದರೆ ಸ್ವಿಚ್ ಚಾಲೂ ಕಡೆಗೆ ಇತ್ತು. ಪ್ರೋಗ್ರಾಂಗಳ ದಿನಚರಿ (ಲಾಗ್) ಬರೆಯುವ ಲಾಗ್4ಜೆ ಲೈಬ್ರರಿಯ ಕಥೆಯೂ ಬೇರೆಯಲ್ಲ. ಲಾಗ್ ಸಾಲಿನೊಳಗಿಂದ ಹೊರಗಿನ ಸರ್ವರ್ ಹುಡುಕಿ ಹೋಗುವ ಸೌಲಭ್ಯ 2013ರಲ್ಲಿ ಸೇರಿ, ಚಾಲೂ ಆಗಿಯೇ ಇದ್ದು, 2021ರ ಡಿಸೆಂಬರ್‌ನಲ್ಲಿ ಎಲ್ಲರ ನಿದ್ದೆಗೆಡಿಸಿತು.

ಅನೇಕ ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಈ ಪಾಠ ಕಲಿತ ಹಾಗಿದೆ. 1.24ರಿಂದ ಹೊಸ ಬೀಟಾ ಎಪಿಐಗಳು, ಅಂದರೆ ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ದಾರಿಗಳು, ತಾನಾಗಿ ತೆರೆದಿರುವುದಿಲ್ಲ. ಬೇಕಾದವರು ತೆರೆದುಕೊಳ್ಳಬೇಕು. ಇದಕ್ಕೂ ಬೆಲೆ ಇದೆ. ಮುಚ್ಚಿಟ್ಟದ್ದನ್ನು ಕೆಲವರೇ ತೆರೆಯುತ್ತಾರೆ, ಕೆಲವರೇ ತೆರೆದರೆ ಟೆಸ್ಟಿಂಗೂ ಕಡಿಮೆ. ಜೊತೆಗೆ ಪ್ರತಿ ಸ್ವಿಚ್‌ಗೂ ಎರಡು ದಾರಿ, ಐದು ಸ್ವಿಚ್ ಆದರೆ ಮೂವತ್ತೆರಡು ಜೋಡಣೆ. ಸ್ವಿಚ್ ಹಾಕಿದ ದಿನವೇ ಅದನ್ನು ಕೀಳುವ ಆವೃತ್ತಿ ಯಾವುದು ಅಂತ ಬರೆದಿಡದಿದ್ದರೆ ಅದು ಶಾಶ್ವತವಾಗಿ ಉಳಿಯುತ್ತದೆ.

ನಿಮ್ಮ ಆರ್‌ಸಿ ಓಡಿಸುವವರು ಯಾರು

2008ರ ಶರತ್ಕಾಲದಲ್ಲಿ 2.6.27 ಕರ್ನಲ್‌ನ ಆರ್‌ಸಿಗಳನ್ನು ಓಡಿಸಿದ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ಗಳು ಸತ್ತೇಹೋದವು. ಕಾರ್ಡಿನೊಳಗಿನ ಶಾಶ್ವತ ಮೆಮೊರಿಯೇ ಕೆಟ್ಟಿತ್ತು. ಎಲ್ಲರೂ ಕಾರ್ಡಿನ ಡ್ರೈವರ್ ಮೇಲೆ ಅನುಮಾನಪಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಕೋಡಿನ ಓಟವನ್ನು ಹಿಂಬಾಲಿಸುವ ಎಫ್‌ಟ್ರೇಸ್ ಎಂಬ ಬೇರೆಯೇ ಹೊಸ ಫೀಚರ್. ತನ್ನದಲ್ಲದ ವಿಳಾಸದಲ್ಲಿ ಬರೆಯುತ್ತಿತ್ತು. ಬಿಡಿ ಭಾಗವನ್ನಷ್ಟೇ ಪರೀಕ್ಷಿಸುವ ಯಾವ ಯೂನಿಟ್ ಟೆಸ್ಟೂ ಇದನ್ನು ಹಿಡಿಯುತ್ತಿರಲಿಲ್ಲ. ಎರಡು ಒಳ್ಳೆಯ ಫೀಚರ್‌ಗಳು ಒಂದೇ ಯಂತ್ರದಲ್ಲಿ ಕೂಡಿದಾಗ ಮಾತ್ರ ಹುಟ್ಟುವ ತಪ್ಪು ಅದು. ಹೀಗಾಗಿ ಬೇರೆಬೇರೆ ಯಂತ್ರ, ಬೇರೆಬೇರೆ ಅಭ್ಯಾಸದ ಜನ ಆರ್‌ಸಿ ಓಡಿಸುವ ಪ್ರಾಜೆಕ್ಟ್‌ಗೆ ಮಾತ್ರ ಉದ್ದದ ಆರ್‌ಸಿ ಅವಧಿಯಿಂದ ಉಪಯೋಗ.

ಆವೃತ್ತಿಗೆ ನೀವು ಇಡುವ ಹೆಸರೂ ಇಲ್ಲಿ ಕೆಲಸ ಮಾಡುತ್ತದೆ. ಕೆಡಿಇ ಎಂಬ ಡೆಸ್ಕ್‌ಟಾಪ್‌ನ 4.0 ಬಂದದ್ದು 2008ರ ಜನವರಿಯಲ್ಲಿ. ಇದು ಎಲ್ಲರ ಬಳಕೆಗಲ್ಲ, ಅಡಿಪಾಯ ಅಂತ ಅದನ್ನು ಮಾಡಿದವರು ಅಂದುಕೊಂಡಿದ್ದರು. 4.0 ಅನ್ನುವ ಅಂಕಿ ನೋಡಿದವರಿಗೆ ಅದು ಮುಗಿದ ಸರಕು. ಕೆಲವು ಡಿಸ್ಟ್ರಿಬ್ಯೂಷನ್‌ಗಳು ಅದನ್ನೇ ಕೊಟ್ಟವು, ಬೈಗುಳ ಕೆಡಿಇಗೆ ಬಿತ್ತು.

ನಿಮ್ಮ ಪ್ರಾಜೆಕ್ಟ್‌ನ ಮೇಂಟೇನರ್ ಒಬ್ಬರೇ ಆಗಿದ್ದರೆ ಆರ್‌ಸಿಯ ಗೋಜಿಗೇ ಹೋಗಬೇಡಿ. ಯಾರೂ ಓಡಿಸುವುದಿಲ್ಲ. ಬದಲಿಗೆ ಪ್ರತಿ ಬಿಡುಗಡೆಯಲ್ಲಿ ಒಂದೇ ಫೀಚರ್ ಇಟ್ಟು, ಬೇಗಬೇಗ ಬಿಡಿ. ಮುರಿದರೆ ಯಾವುದರಿಂದ ಮುರಿಯಿತು ಅಂತ ಹುಡುಕಬೇಕಾಗಿಲ್ಲ, ಹಿಂದಿನದಕ್ಕೆ ಹೋಗಿ ಅಂತ ಒಂದು ಸಾಲು ಬರೆದರೆ ಆಯಿತು. ಮೂರರಿಂದ ಹತ್ತು ಜನ ಇದ್ದರೆ ಮೂರು ಇಲ್ಲವೇ ಆರು ತಿಂಗಳ ಕ್ಯಾಲೆಂಡರ್, ಡೆಬಿಯನ್ ರೀತಿ: ಮುಚ್ಚುವ ದಿನ ಗಟ್ಟಿ, ಬಿಡುವ ದಿನಕ್ಕೆ ಒಂದೆರಡು ವಾರದ ಸಡಿಲ. ರೈಲು ಬೇಕಾದರೆ ಮೊದಲು ಯಂತ್ರಶಾಲೆ, ಆಮೇಲೆ ಹಳಿ. ಡಿಸ್ಕ್‌ಗೆ ಬರೆಯುವ, ಬೀಗ ಹಾಕುವ, ದುಡ್ಡು ಎಣಿಸುವ ಕೋಡ್ ಆದರೆ ನಿಮ್ಮ ಪದ್ಧತಿ ಯಾವುದೇ ಇರಲಿ, ಆ ಭಾಗಕ್ಕೆ ಮಾತ್ರ ಒಂದು ಪೂರ್ತಿ ಚಕ್ರ ಹೆಚ್ಚು ಕಾಯಿರಿ. ಪೂರ್ತಿ ಪ್ರಾಜೆಕ್ಟನ್ನು ಕಾಯಿಸಬೇಕಾಗಿಲ್ಲ.

ಸಣ್ಣ ಪ್ರಾಜೆಕ್ಟ್‌ಗಳೂ ಮಾಡಬಹುದಾದ ಒಂದು ಕೆಲಸ, ಕ್ರೇಟರ್‌ನ ಬಡ ತಮ್ಮ. ನಿಮ್ಮ ಲೈಬ್ರರಿಯನ್ನು ನಂಬಿಕೊಂಡಿರುವ ಹತ್ತು ಸಾರ್ವಜನಿಕ ಪ್ರಾಜೆಕ್ಟ್‌ಗಳನ್ನು ಹುಡುಕಿ, ನಿಮ್ಮ ಹೊಸ ಕೋಡ್ ಜೊತೆ ಅವುಗಳ ಟೆಸ್ಟ್‌ಗಳನ್ನು ರಾತ್ರಿ ಹೊತ್ತು ಓಡಿಸಿ. ನಮ್ಮ ತಾರೀಕಿನ ಪ್ರಸಂಗ ಆದ ವಾರವೇ ನಾನು ಇದನ್ನು ಹೂಡಿದೆ. ಅರ್ಧ ದಿನದ ಕೆಲಸ. ಹಿಂದಕ್ಕೆ ಹೋಗಿ ಆ ಕೆಟ್ಟ ಆರ್‌ಸಿಯ ಮೇಲೆ ಓಡಿಸಿ ನೋಡಿದಾಗ ಹತ್ತರಲ್ಲಿ ನಾಲ್ಕು ಪ್ರಾಜೆಕ್ಟ್‌ಗಳ ಟೆಸ್ಟ್ ಸೋತು ಕೆಂಪಾದವು. ನಾವು ಬರೆದಿದ್ದ ಟೆಸ್ಟ್‌ಗಳಲ್ಲಿ ಎಲ್ಲ ತಾರೀಕುಗಳೂ 25, 28, 31 ಅಂತ ಇದ್ದವು, ತಿಂಗಳು ಅಂತ ತಪ್ಪು ತಿಳಿಯಲು ಆಸ್ಪದವೇ ಇಲ್ಲದಂಥವು.

ಆ ಫೀಚರ್ ಈಗಲೂ ಇದೆ, ಸ್ವಿಚ್ ಮುಚ್ಚಿದ ಕಡೆ. ಎರಡು ಬಿಡುಗಡೆಗಳು ಕಳೆದಿವೆ. ಚಾಲೂ ಮಾಡಿಕೊಂಡವರಲ್ಲಿ ಇಬ್ಬರು ಬಗ್ ಬರೆದಿದ್ದಾರೆ. ಒಂದನ್ನು ಸರಿಪಡಿಸಿದೆವು. ಇನ್ನೊಂದರಲ್ಲಿ ಇರುವ ಫೈಲಿನ ತಾರೀಕುಗಳನ್ನು ನೋಡಿ ಯಾವುದು ದಿನ ಯಾವುದು ತಿಂಗಳು ಅಂತ ನಾವು ಮೂವರೂ ಹೇಳಲಾಗಿಲ್ಲ. ಮುಂದಿನ ಫ್ರೀಜ್‌ಗೆ ಇನ್ನು ಹದಿನೆಂಟು ದಿನ ಇದೆ. ಅಷ್ಟರಲ್ಲಿ ಇತ್ಯರ್ಥವಾಗದಿದ್ದರೆ ಇನ್ನೊಂದು ಸುತ್ತು ಮುಚ್ಚೇ ಇರುತ್ತದೆ.